ನಿಧಾನದ ತೆರೆಯ ಮೇಲೆ ನಮ್ಮ ನೆರೆಮನೆ

‘ಅದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ!’ ನಿಧಾನಗತಿಯ ಚಲನಚಿತ್ರಗಳ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಸಾಮಾನ್ಯ ದೂರು ಇದು. ಹೆಂಗಸೊಬ್ಬಳು ಬಾವಿಯಿಂದ ನೀರು ಸೇದುತ್ತಾಳೆ. ಮುದುಕನೊಬ್ಬ ದೋಣಿಯ ಹಗ್ಗ ಬಿಚ್ಚುತ್ತಾನೆ. ಮಳೆ ಸುರಿಯುತ್ತದೆ, ಯಾರೂ ಮಾತಾಡುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಕ್ಕಳು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ, ಹಿರಿಯರು ಆಕಳಿಸುತ್ತಾರೆ. ನಾವೂ ಈ ದೂರು ಹೇಳಿದವರೇ. 2008ರಲ್ಲಿ ತೆರೆಕಂಡ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರವನ್ನು ಮೊದಲ ಸಲ ನೋಡಲು ಕುಳಿತಾಗ ಅರ್ಧದಲ್ಲೇ ಎದ್ದುಹೋದೆವೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ನಮ್ಮದೇ ಕುಂದಾಪುರ ಸೀಮೆಯ ನೀರು, ನಮ್ಮದೇ ಮಾತು, ನಮ್ಮದೇ ಮೀನಿನ ಬುಟ್ಟಿ. ದಿನಬೆಳಗಾದರೆ ಕಾಣುವುದನ್ನು ತೆರೆಯ ಮೇಲೂ ಏಕೆ ಕಾಣಬೇಕು ಎಂಬುದು ಅಂದಿನ ನಮ್ಮ ತರ್ಕವಾಗಿತ್ತು.

ಎರಡನೆಯ ಸಲ ಅದನ್ನು ಪೂರ್ತಿಯಾಗಿ ನೋಡಿದ್ದು ಕೆಲವು ವರ್ಷಗಳ ಅನಂತರ, ತಪಸ್ಸುಕಾಲದ ಒಂದು ಸಂಜೆ. ದಿನಾ ಕಾಣುತ್ತಿದ್ದೇವೆಂದು ನಾವು ತಿಳಿದುಕೊಂಡಿದ್ದ ಎಷ್ಟನ್ನೋ ವಾಸ್ತವದಲ್ಲಿ ಕಂಡೇ ಇರಲಿಲ್ಲವೆಂಬುದು ಆಗ ಅರಿವಾಯಿತು.

ಈ ಚಿತ್ರಕ್ಕೆ ಆಧಾರ ಕುಂದಾಪುರದಲ್ಲೇ ಹುಟ್ಟಿ ಬೆಳೆದ ವೈದೇಹಿಯವರ ಸಣ್ಣಕತೆ. ಕತೆಯಲ್ಲಿ ಊರಿಗೊಂದು ಟಾಕೀಸು ಬರುತ್ತದೆ, ಅದರಿಂದ ಹೆಂಗಸರ ಬದುಕಿನಲ್ಲಿ ಸಣ್ಣ ಸಣ್ಣ ಅಲೆಗಳೇಳುತ್ತವೆ. ಅಲ್ಲಿಯ ಸೂಲಗಿತ್ತಿಯ ಹೆಸರು ಲಿಲ್ಲಿಬಾಯಿ. ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಓದುಗರಿಗೆ ಯಾರು ಯಾರ ನೆನಪಾಗುವುದೋ! ಅಪರಾತ್ರಿಯಲ್ಲಿ ಕರೆ ಬಂದರೂ ಲಾಟೀನು ಹಿಡಿದು ಬಾಣಂತಿಯ ಮನೆಗೆ ಓಡುವ ಇಂಥ ಒಬ್ಬ ಬಾಯಿ ಹಿಂದೆ ನಮ್ಮ ವಾಳೆಗಳಲ್ಲೂ ಇದ್ದರು. ಕಾಸರವಳ್ಳಿಯವರು ಕತೆಯನ್ನು ತೊಂಬತ್ತರ ದಶಕದ ಕೊನೆಗೆ, ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾದ ಟಿ.ವಿ. ಬಂತು, ಲಿಲ್ಲಿಬಾಯಿ ಬೆಸ್ತರ ಕುದ್ರುವಿನಲ್ಲಿ ಒಬ್ಬಳೇ ವಾಸಿಸುವ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿಯಾದಳು. ಆ ಪಾತ್ರವನ್ನು ನಿರ್ವಹಿಸಿದ ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದುದು ಬಹಳ ಮಂದಿಗೆ ತಿಳಿದಿದೆ. ಚಿತ್ರ ನೋಡಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಗುಲಾಬಿಗೆ ಸಿನಿಮಾದ ಹುಚ್ಚು. ಉಳ್ಳವರ ಮನೆಯೊಂದರ ಕಷ್ಟದ ಹೆರಿಗೆ ಮಾಡಿಸಿದುದಕ್ಕೆ ಪ್ರತಿಫಲವಾಗಿ ಅವಳಿಗೊಂದು ಬಣ್ಣದ ಟಿ.ವಿ. ದೊರೆಯುತ್ತದೆ. ಕುದ್ರುವಿನ ಹೆಂಗಸರು, ಮಕ್ಕಳು ಅವಳ ಮನೆಗೆ ಬರತೊಡಗುತ್ತಾರೆ. ಕೆಲವರು ಒಳಗೆ ಬಂದು ಕುಳಿತುಕೊಳ್ಳುತ್ತಾರೆ. ಬೇರೆ ಜಾತಿಯವಳ ಮನೆಯೆಂಬ ಕಾರಣಕ್ಕೆ ಇನ್ನು ಕೆಲವರು ಹೊರಗೇ ನಿಂತು ನೋಡುತ್ತಾರೆ. ಟಿ.ವಿ. ಬೇಕು, ಹೊಸ್ತಿಲು ಬೇಡ! ಅವಸರದ ಚಿತ್ರವಾಗಿದ್ದರೆ ಇದನ್ನು ಯಾರದಾದರೂ ಬಾಯಿಂದ ಒಂದು ಖಾರದ ಸಂಭಾಷಣೆಯಾಗಿ ಆಡಿಸಿ ಮುಂದೆ ಸಾಗುತ್ತಿತ್ತು. ಈ ಚಿತ್ರ ಹಾಗೆ ಮಾಡುವುದಿಲ್ಲ. ಎಸ್. ರಾಮಚಂದ್ರ ಅವರ ಕ್ಯಾಮರಾ ಆ ಹೆಂಗಸರನ್ನು ಬೈಯುವುದೂ ಇಲ್ಲ, ಅವರ ಬಗ್ಗೆ ವಿವರಣೆ ಕೊಡುವುದೂ ಇಲ್ಲ. ಒಳಗೂ ಹೊರಗೂ ಇರುವವರ ಮುಖಗಳ ಮೇಲೆ ಒಂದೇ ಬೆಳಕು ಬೀಳುತ್ತಿರುವುದನ್ನು ನಾವೇ ಗಮನಿಸುವವರೆಗೆ ಕಾಯುತ್ತದೆ. ಹಾಗೆ ಕಾಯುವಾಗ ನಮ್ಮ ಅಂಗಳದ ಸಂಗತಿಗಳೂ ಮನಸ್ಸಿಗೆ ಬರುತ್ತವೆ. ಕೆಲಸದವಳಿಗೆಂದೇ ಬೇರೆಯಾಗಿ ಇಟ್ಟಿದ್ದ ಲೋಟ, ಮೊಂತಿ ಹಬ್ಬದ ಊಟ ಮೆಟ್ಟಿಲ ಮೇಲೆಯೇ ಕೊಟ್ಟು ಕಳುಹಿಸಿದ ದಿನಗಳು. ನಮ್ಮ ಮನೆಗಳಲ್ಲಿ ಹೊಸ್ತಿಲೇ ಇರಲಿಲ್ಲವೆಂದು ಹೇಳಲು ಸಾಧ್ಯವೇ?

ಮುಂದೆ ದೊಡ್ಡ ದೋಣಿಗಳಿಗೂ ಸಣ್ಣ ಮೀನುಗಾರರಿಗೂ ಇದ್ದ ಜಗಳ ಧರ್ಮದ ಜಗಳವಾಗಿ ತಿರುಗುತ್ತದೆ. ಗುಲಾಬಿಯ ಆಪ್ತಳಾಗಿದ್ದ ಹುಡುಗಿಯೊಬ್ಬಳು ಕಾಣೆಯಾದಾಗ ಅಪವಾದ ಗುಲಾಬಿಯ ತಲೆಗೆ ಬರುತ್ತದೆ. ಕೊನೆಗೆ ಅವಳನ್ನು ಬಲವಂತವಾಗಿ ದೋಣಿಗೆ ಹತ್ತಿಸಿ ಕುದ್ರುವಿನಿಂದ ಸಾಗಿಸಲಾಗುತ್ತದೆ. ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈಗಳವು. ಅವಳ ಮನೆಯಲ್ಲಿ ಕುಳಿತು ನಕ್ಕವರು, ಅತ್ತವರು ಎಲ್ಲರೂ ಊರಲ್ಲೇ ಇದ್ದಾರೆ.

ಈ ಚಿತ್ರ ಬಿಡುಗಡೆಯಾದ ಅದೇ 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿದಂತೆ ಕರಾವಳಿಯ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದುವು. ಅಂದು ನಮ್ಮ ಜಗಲಿಗೆ ಬಂದು ಮೌನವಾಗಿ ಕುಳಿತುಹೋದ ನೆರೆಯವರಿದ್ದರು. ಕಿಟಕಿ ಮುಚ್ಚಿಕೊಂಡವರೂ ಇದ್ದರು. ಆ ಲೆಕ್ಕವನ್ನು ನಾವು ಇಂದಿಗೂ ಮರೆತಿಲ್ಲ. ಆದರೆ ಇತರರ ಮನೆಯ ಮುಂದೆ ಗದ್ದಲವಾದ ದಿನಗಳಲ್ಲಿ ನಾವು ಜಗಲಿಗೆ ಹೋದೆವೋ, ಕಿಟಕಿ ಮುಚ್ಚಿದೆವೋ ಎಂಬ ಲೆಕ್ಕವನ್ನು ಅಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದೇವೆಯೇ? ‘ಗುಲಾಬಿ ಟಾಕೀಸ್’ ಎರಡನೆಯ ಸಲ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದ್ದು ಈ ಪ್ರಶ್ನೆ.

ಇದನ್ನು ನೋಡುವಾಗ ದೂರದ ಇಟಲಿಯ ಮತ್ತೊಂದು ಚಿತ್ರ ನೆನಪಾಗದೆ ಇರದು. ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ನಿನ ಸಮೂಹ ಸಂಪರ್ಕ ಮಂಡಳಿಯು ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ 45 ಮುಖ್ಯ ಚಿತ್ರಗಳನ್ನು ಹೆಸರಿಸಿತ್ತು. ಮೌಲ್ಯಗಳ ವಿಭಾಗದಲ್ಲಿ ‘ಬೈಸಿಕಲ್ ಥೀವ್ಸ್’, ‘ಗಾಂಧಿ’ ಮುಂತಾದವುಗಳ ಜೊತೆಗೆ ಎರ್ಮಾನ್ನೊ ಓಲ್ಮಿಯವರ ‘ದಿ ಟ್ರೀ ಆಫ್ ವುಡನ್ ಕ್ಲಾಗ್ಸ್’ ಕೂಡ ಇದೆ. 1978ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುಚ್ಚ ಪ್ರಶಸ್ತಿ ಪಡೆದ ಕೃತಿ ಅದು. ಬೆರ್ಗಾಮೊ ಪ್ರಾಂತದ ಬಡ ಗೇಣಿದಾರ ಕುಟುಂಬಗಳ, ಹತ್ತೊಂಬತ್ತನೆಯ ಶತಮಾನದ ಕೊನೆಯ ಬದುಕು ಅದರ ವಸ್ತು. ಪಾತ್ರಧಾರಿಗಳು ವೃತ್ತಿನಟರಲ್ಲ, ಅಲ್ಲಿಯ ರೈತಾಪಿ ಜನರೇ. ಮಾತೂ ಅವರ ಆಡುಮಾತೇ. ಅವಧಿ ಮೂರು ತಾಸುಗಳಿಗೂ ಹೆಚ್ಚು!

ಮೂರು ತಾಸುಗಳಲ್ಲಿ ನಡೆಯುವುದೇನು? ಜೋಳದ ಕೊಯ್ಲು, ಹಂದಿ ಕಡಿಯುವ ದಿನ, ಒಂದು ಮದುವೆ. ಚಳಿಗಾಲದ ರಾತ್ರಿ ಎಲ್ಲ ಮನೆಯವರೂ ಕೊಟ್ಟಿಗೆಯ ಬಿಸುಪಿನಲ್ಲಿ ಸೇರಿ ಜಪಮಾಲೆ ಹೇಳುತ್ತಾರೆ, ಆಮೇಲೆ ಒಬ್ಬರು ಕತೆ ಹೇಳುತ್ತಾರೆ. ಅಜ್ಜನೊಬ್ಬ ಎಲ್ಲರಿಗಿಂತ ಮೊದಲು ಟೊಮೆಟೊ ಬೆಳೆಯಬೇಕೆಂಬ ಗುಟ್ಟಿನ ಹಂಚಿಕೆಯಿಂದ ಬುಡಕ್ಕೆ ಕೋಳಿಗೊಬ್ಬರ ಹಾಕಿ, ಮೊಮ್ಮಗಳನ್ನು ಮಾತ್ರ ಪಾಲುಗಾರ್ತಿಯನ್ನಾಗಿ ಮಾಡಿಕೊಳ್ಳುತ್ತಾನೆ. ಬಟ್ಟೆ ಒಗೆದು ಮಕ್ಕಳನ್ನು ಸಾಕುವ ವಿಧವೆಯ ಒಂದೇ ಒಂದು ದನ ಕಾಯಿಲೆ ಬೀಳುತ್ತದೆ, ಬದುಕುವುದಿಲ್ಲವೆಂದು ಪಶುವೈದ್ಯ ಹೇಳಿಹೋಗುತ್ತಾನೆ. ಅವಳು ನೀರು ಹಿಡಿದು ತಂದು, ಪ್ರಾರ್ಥಿಸುತ್ತ ಅದಕ್ಕೆ ಕುಡಿಸುತ್ತಾಳೆ. ದನ ಎದ್ದು ನಿಲ್ಲುತ್ತದೆ. ಇದು ಪವಾಡವೋ ಕಾಕತಾಳೀಯವೋ ಎಂದು ಚಿತ್ರ ಚರ್ಚಿಸುವುದಿಲ್ಲ, ಹಿನ್ನೆಲೆಯಲ್ಲಿ ಸ್ತೋತ್ರಘೋಷ ಎಬ್ಬಿಸುವುದೂ ಇಲ್ಲ. ನಮ್ಮ ಅನೇಕ ಭಕ್ತಿಚಿತ್ರಗಳಲ್ಲಿ ಪವಾಡವೆಂದರೆ ಮಿಂಚು, ಗುಡುಗು, ಕಣ್ಣು ಕೋರೈಸುವ ಬೆಳಕು. ಕೊಟ್ಟಿಗೆಯಲ್ಲಿ ದನವೊಂದು ಕಾಲೂರಿ ನಿಂತ ಈ ಪವಾಡ ನಮಗಂತೂ ಹೆಚ್ಚು ನಂಬಿಕೆಗೆ ಅರ್ಹವೆನಿಸಿತು.

ಇನ್ನು ಚಿತ್ರದ ಹೆಸರಿಗೆ ಕಾರಣವಾದ ಮರ. ಧರ್ಮಗುರುಗಳ ಸಲಹೆಯಂತೆ ಜಾಣ ಹುಡುಗನೊಬ್ಬನನ್ನು ದೂರದ ಶಾಲೆಗೆ ಸೇರಿಸಲಾಗಿದೆ. ಒಂದು ದಿನ ಅವನ ಮರದ ಪಾದರಕ್ಷೆ ಒಡೆದುಹೋಗುತ್ತದೆ. ಕೊಳ್ಳಲು ಹಣವಿಲ್ಲದ ತಂದೆ ರಾತ್ರಿ ಕದ್ದು ಧಣಿಯ ಮರವೊಂದನ್ನು ಕಡಿದು ಹೊಸ ಜೋಡು ಕೆತ್ತಿಕೊಡುತ್ತಾನೆ. ಧಣಿಗೆ ವಿಷಯ ತಿಳಿಯುತ್ತದೆ, ಆ ಕುಟುಂಬ ಮನೆ ಬಿಡಬೇಕಾಗುತ್ತದೆ. ಕತ್ತಲಾಗುವ ಹೊತ್ತು ಅವರು ಸಾಮಾನುಗಳನ್ನು ಗಾಡಿಗೆ ತುಂಬುತ್ತಾರೆ. ಅದೇ ಕೊಟ್ಟಿಗೆಯಲ್ಲಿ ಜೊತೆಗೆ ಜಪಮಾಲೆ ಹೇಳಿದ ನೆರೆಯವರು ಒಳಗಿನಿಂದಲೇ ನೋಡುತ್ತಾರೆ. ಯಾರೂ ಹೊರಗೆ ಬರುವುದಿಲ್ಲ. ಧಣಿಯ ಭಯ. ಗಾಡಿ ಹೊರಟ ಮೇಲಷ್ಟೇ ಅಂಗಳಕ್ಕಿಳಿದು, ದೂರ ಸಾಗುವ ಲಾಂದ್ರದ ಬೆಳಕನ್ನು ನೋಡುತ್ತ ನಿಲ್ಲುತ್ತಾರೆ.

ಅವರು ಕೆಟ್ಟವರಲ್ಲ ಎಂಬುದು ನಮಗೆ ಚೆನ್ನಾಗಿ ಗೊತ್ತು, ಏಕೆಂದರೆ ಮೂರು ತಾಸು ಅವರ ಜೊತೆಗೇ ಕುಳಿತಿದ್ದೇವೆ. ಅವರ ಹಸಿವು, ನಗು, ಪ್ರಾರ್ಥನೆ ಎಲ್ಲವನ್ನೂ ಬಲ್ಲೆವು. ಗುಲಾಬಿಯ ಕುದ್ರುವಿನವರನ್ನೂ ಹಾಗೆಯೇ ಬಲ್ಲೆವು. ಖಳನಾಯಕನನ್ನು ತೋರಿಸುವ ಚಿತ್ರದಲ್ಲಿ ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳಲು ದಾರಿಯಿದೆ. ಅವನು ಬೇರೆ, ನಾನು ಬೇರೆ ಎಂದುಬಿಡಬಹುದು. ನಿಧಾನವಾಗಿ ಬದುಕನ್ನು ತೋರಿಸಿದ ಚಿತ್ರದಲ್ಲಿ ಆ ದಾರಿ ಮುಚ್ಚಿರುತ್ತದೆ. ಇಂಥ ಚಿತ್ರಗಳ ಸೌಂದರ್ಯವನ್ನು ಬಣ್ಣಿಸುವಾಗ ಮಂಜು, ಮಳೆ, ಮಣ್ಣಿನ ಗೋಡೆ ಎಂದು ಹೇಳುವವರಿದ್ದಾರೆ. ಅವೆಲ್ಲ ಇವೆ, ಸರಿ. ನಮ್ಮ ಮಟ್ಟಿಗೆ ಆ ಸೌಂದರ್ಯದ ಬೇರು ಇರುವುದು ಸಾಧಾರಣ ಮನುಷ್ಯನೊಬ್ಬನನ್ನು ನೋಡಲು ಸಾಕಷ್ಟು ಹೊತ್ತು ಕೊಟ್ಟಿರುವುದರಲ್ಲಿ.

ಬೈಂದೂರು ಸೀಮೆಯ ಕೊಲ್ಲೂರು ದಾಟಿ ನಾಗೋಡಿ ಘಾಟಿ ಹತ್ತಿದವರಿಗೆ ಆಚೆಗಿರುವ ಶರಾವತಿ ಹಿನ್ನೀರಿನ ಪ್ರದೇಶ ಅಪರಿಚಿತವಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ನೋವನ್ನು ಜೀವನಪೂರ್ತಿ ಬರೆದವರು ಸಾಗರದ ನಮ್ಮ ಹಿರಿಯ ಕ್ರೈಸ್ತ ಸಾಹಿತಿ ನಾ. ಡಿಸೋಜ. 2014ರಲ್ಲಿ ಮಡಿಕೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರು 2025ರ ಜನವರಿ 5ರಂದು ನಮ್ಮನ್ನಗಲಿದರು. ಅವರ ‘ದ್ವೀಪ’ವನ್ನು ಕಾಸರವಳ್ಳಿಯವರು ತೆರೆಗೆ ತಂದರು. 2002ರ ಆ ಚಿತ್ರಕ್ಕೆ ಸ್ವರ್ಣಕಮಲವೂ ಬಂತು. ಹಣ ಹಾಕಿ ನಿರ್ಮಿಸಿದವರೂ ನಾಗಿಯ ಪಾತ್ರ ವಹಿಸಿದವರೂ ಜನಪ್ರಿಯ ತಾರೆ ಸೌಂದರ್ಯ. ಇದು ಅವರ ಬಗ್ಗೆ ಗೌರವ ಹೆಚ್ಚಿಸುವ ಸಂಗತಿ. ನೀರು ಏರುತ್ತಿದೆ, ನೆರೆಹೊರೆಯವರೆಲ್ಲ ಪರಿಹಾರ ಪಡೆದು ಹೊರಟುಹೋಗಿದ್ದಾರೆ, ಗುಡ್ಡದ ಮೇಲೆ ಒಂದು ಮನೆ ಮಾತ್ರ ಉಳಿದಿದೆ. ಭೀಕರ ಮಳೆಯ ರಾತ್ರಿ ಮನೆಯನ್ನೂ ಗಂಡನನ್ನೂ ಉಳಿಸಿಕೊಂಡವಳು ನಾಗಿ. ಬೆಳಗಾದಾಗ ಗಂಡ ಆ ಕೀರ್ತಿಯನ್ನೆಲ್ಲ ದೈವಕ್ಕೆ ಒಪ್ಪಿಸುತ್ತಾನೆ. ನಾಗಿಯ ಮುಖವನ್ನು ಕ್ಯಾಮರಾ ಸುಮ್ಮನೆ ನೋಡುತ್ತದೆ. ದೇವರಿಗೆ ಸ್ತೋತ್ರ ಸಲ್ಲಿಸಬೇಕಾದುದೇ. ಆದರೆ ರಾತ್ರಿಯಿಡೀ ಎಚ್ಚರವಿದ್ದವಳ ಕಡೆಗೂ ಒಮ್ಮೆ ತಿರುಗಬಹುದಿತ್ತಲ್ಲವೇ ಎಂದು ನಮಗನ್ನಿಸಿತು. ನಮ್ಮ ಮನೆಗಳಲ್ಲಿ ಕೃತಜ್ಞತಾ ಬಲಿಪೂಜೆ ಮಾಡಿಸಿದ ದಿನಗಳಲ್ಲಿ ಅಡುಗೆಮನೆಯ ಕಡೆಗೆ ತಿರುಗಿದವರೆಷ್ಟು ಮಂದಿ?

ಈಚಿನ ಪೀಳಿಗೆಯಲ್ಲೂ ಈ ದಾರಿಯಲ್ಲಿ ನಡೆಯುವವರಿದ್ದಾರೆ. ಕುಂದಾಪುರದ ಕೆರಾಡಿಯವರಾದ ರಿಷಬ್ ಶೆಟ್ಟಿಯವರ ‘ಕಾಂತಾರ’ದ (2022) ಅಬ್ಬರ ಯಾರಿಗೆ ಗೊತ್ತಿಲ್ಲ? ಆದರೆ ಅವರೇ ನಿರ್ಮಾಪಕರಾಗಿ ನಿಂತು ಬೆಳಕಿಗೆ ತಂದ ‘ಪೆದ್ರೊ’ (2021) ಎಂಬ ಚಿತ್ರದ ಹೆಸರು ನಮ್ಮ ಜನರಲ್ಲಿ ಹೆಚ್ಚಿನವರಿಗೆ ತಿಳಿಯದು. ಉತ್ತರ ಕನ್ನಡದ ನಟೇಶ್ ಹೆಗಡೆ ಅದರ ನಿರ್ದೇಶಕರು, ಮುಖ್ಯ ಪಾತ್ರದಲ್ಲಿ ಅವರ ತಂದೆ ಗೋಪಾಲ ಹೆಗಡೆ. ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು, ಚೀನಾದ ಪಿಂಗ್ಯಾವೊದಲ್ಲಿ ನಿರ್ದೇಶಕರಿಗೆ ಪ್ರಶಸ್ತಿ ಬಂತು. ಪೆದ್ರೊ ಎಂಬುವನು ಘಟ್ಟದ ಹಳ್ಳಿಯೊಂದರಲ್ಲಿ ಕರೆಂಟಿನ ಕೆಲಸ ಮಾಡುವ ನಡುವಯಸ್ಸಿನ ಮನುಷ್ಯ. ಹೆಸರೇ ಹೇಳುವಂತೆ ಊರಿನಲ್ಲಿದ್ದೂ ಊರಿಗೆ ಪೂರ್ತಿ ಸೇರದವನು. ಅವನ ಕೈಯಿಂದ ಅಕಸ್ಮಾತ್ತಾಗಿ ಒಂದು ಹಸು ಸಾಯುತ್ತದೆ, ಆಮೇಲೆ ಊರು ಅವನ ಮೇಲೆ ತಿರುಗುತ್ತದೆ. ದೂರದಲ್ಲಿ ನಿಂತು ನೋಡುವ ಕ್ಯಾಮರಾ, ಮಳೆ, ಮಬ್ಬು, ಕಡಿಮೆ ಮಾತು. ಕುಡುಕನೂ ಒರಟನೂ ಆದ ಈ ಪೆದ್ರೊನನ್ನು ಚಿತ್ರ ಸಂತನನ್ನಾಗಿ ಮಾಡಲು ಹೊರಡುವುದಿಲ್ಲ ಎಂಬುದೇ ಸಮಾಧಾನ. ನಮ್ಮ ಹೆಸರಿನ ಪಾತ್ರಗಳನ್ನು ಕನ್ನಡ ಸಿನಿಮಾ ಎಷ್ಟೋ ವರ್ಷ ಹ್ಯಾಟು ಹಾಕಿಸಿ, ಬಾಟ್ಲಿ ಕೊಟ್ಟು, ನಗಿಸಲು ಬಳಸಿಕೊಂಡಿತು. ಪೆದ್ರೊನ ಕೈಯಲ್ಲೂ ಬಾಟ್ಲಿಯಿದೆ. ಆದರೆ ಅವನನ್ನು ನೋಡಿ ನಗು ಬರುವುದಿಲ್ಲ.

ಹಾಗೆಂದು ನಿಧಾನವಾಗಿರುವುದೆಲ್ಲ ಒಳ್ಳೆಯದೆಂದು ನಮ್ಮ ವಾದವಲ್ಲ. ಕಿಟಕಿಯಾಚೆ ದಿಟ್ಟಿಸುವ ನಾಯಕಿ, ಹಿನ್ನೆಲೆಯಲ್ಲಿ ಕೊಳಲು, ಹದಿನೈದು ನಿಮಿಷದ ತನಕ ಅಲುಗಾಡದ ಮರ, ಇಷ್ಟಿದ್ದರೆ ಪ್ರಶಸ್ತಿ ಖಚಿತವೆಂದು ನಂಬಿದ ಚಿತ್ರಗಳನ್ನೂ ನಾವು ನೋಡಿ ಬೇಸತ್ತಿದ್ದೇವೆ. ನಿಧಾನಕ್ಕೂ ಒಂದು ಕಾರಣ ಬೇಕು. ಹದಿನಾಲ್ಕನೆಯ ಲಿಯೋ ಜಗದ್ಗುರುಗಳು 2025ರ ನವೆಂಬರ್ 15ರಂದು ವ್ಯಾಟಿಕನ್ನಿನಲ್ಲಿ ಚಲನಚಿತ್ರ ಕಲಾವಿದರನ್ನು ಭೇಟಿಯಾದಾಗ, ಉದ್ದೇಶವುಳ್ಳ ನಿಧಾನವನ್ನೂ ಮಾತಾಡುವ ಮೌನವನ್ನೂ ಕಾಪಾಡಿಕೊಳ್ಳುವಂತೆ ಕೇಳಿಕೊಂಡರು. ಉದ್ದೇಶವುಳ್ಳ ಎಂಬ ಆ ವಿಶೇಷಣವನ್ನು ನಮ್ಮ ನಿರ್ದೇಶಕರು ಕೂಡ ಗಮನಿಸುವುದು ಒಳಿತು.

ಮಾತಾಡುವ ಮೌನಕ್ಕೆ ಉದಾಹರಣೆ ಬೇಕೆಂದರೆ ಫಿಲಿಪ್ ಗ್ರೋನಿಂಗ್ ಎಂಬ ಜರ್ಮನ್ ನಿರ್ದೇಶಕರ ‘ಇಂಟು ಗ್ರೇಟ್ ಸೈಲೆನ್ಸ್’ (2005) ಇದೆ. ಫ್ರಾನ್ಸಿನ ಗ್ರಾಂಡ್ ಶಾರ್ತ್ರೂಸ್ ಮಠದಲ್ಲಿ ಚಿತ್ರೀಕರಿಸಲು ಅವರು 1984ರಲ್ಲಿ ಅನುಮತಿ ಕೇಳಿದರು. ಸನ್ಯಾಸಿಗಳು ಒಪ್ಪಿಗೆಯ ಉತ್ತರ ಕಳುಹಿಸಿದ್ದು ಸುಮಾರು ಹದಿನಾರು ವರ್ಷಗಳ ಅನಂತರ! ನಮ್ಮ ಸರಕಾರಿ ಕಚೇರಿಗಳೂ ಇಷ್ಟು ತಡಮಾಡವು. ನಿರ್ದೇಶಕರು ಒಬ್ಬರೇ ತಿಂಗಳುಗಟ್ಟಲೆ ಅಲ್ಲಿದ್ದು, ಕೃತಕ ದೀಪವಿಲ್ಲದೆ, ನಿರೂಪಣೆಯ ಮಾತಿಲ್ಲದೆ ಚಿತ್ರ ಮಾಡಿದರು. ಸುಮಾರು ಎರಡು ಮುಕ್ಕಾಲು ತಾಸಿನ ಈ ಚಿತ್ರದಲ್ಲಿ ಸೌದೆ ಒಡೆಯುವ ಸದ್ದು, ಗಂಟೆಯ ಹಗ್ಗ, ಬಟ್ಟೆ ಕತ್ತರಿಸುವ ಕತ್ತರಿ, ಮಂಜು ಇವೇ ಪಾತ್ರಗಳು.

ಇಂಥವು ನಮ್ಮ ಹಳ್ಳಿಯ ಜನಕ್ಕೆ ಹಿಡಿಸವು, ಓದಿದವರಿಗೆ ಮಾತ್ರ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ 1973ರಿಂದಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ನಡುವಿನ ಜನರಿಗೆ ತೋರಿಸಿತು. ನಮ್ಮವರಿಗಂತೂ ನಿಧಾನ ಹೊಸತಲ್ಲ. ಕುಂದಾಪುರದ ಇಗರ್ಜಿ ರೋಜರಿ ಮಾತೆಯ ಹೆಸರಿನದು. ‘ನಮೋ ಮರಿಯಾ’ ಎಂದು ಐವತ್ತು ಸಲ ಹೇಳುವಾಗ ಇದರಲ್ಲಿ ಏನೂ ನಡೆಯುವುದಿಲ್ಲವೆಂದು ಯಾವ ಅಜ್ಜಿಯೂ ಹೇಳಿದ್ದನ್ನು ನಾವು ಕೇಳಿಲ್ಲ. ಶಿಲುಬೆಯ ಹಾದಿಯಲ್ಲಿ ಹದಿನಾಲ್ಕು ಕಡೆ ನಿಂತು ನಿಂತು ಮುಂದೆ ಸಾಗುತ್ತೇವೆ. ಬ್ರಹ್ಮಾವರದ ಇಗರ್ಜಿ ಪವಿತ್ರ ಕುಟುಂಬಕ್ಕೆ ಅರ್ಪಿತವಾದುದು. ನಜರೇತಿನ ಆ ಮನೆಯಲ್ಲಿ ಕಳೆದ ಸುಮಾರು ಮೂವತ್ತು ವರ್ಷಗಳ ಬಗ್ಗೆ ಶುಭಸಂದೇಶ ಹೆಚ್ಚೇನೂ ಹೇಳುವುದಿಲ್ಲ. ಮರ ಹೆರೆದ ಸದ್ದು, ನೀರಿನ ಕೊಡ, ರೊಟ್ಟಿ ಬೇಯುವ ವಾಸನೆ ಇದ್ದಿರಬೇಕು.

ಕಳೆದ ತಪಸ್ಸುಕಾಲದಲ್ಲಿ ಬಂಧುಗಳ ಮನೆಯೊಂದರಲ್ಲಿ ತೇರ್ಸ್ ಮುಗಿದ ಮೇಲೆ ಓಲ್ಮಿಯವರ ಚಿತ್ರವನ್ನು ಹಾಕಿದೆವು. ಮೂರು ತಾಸು ಒಂದೇ ಬಾರಿಗೆ ಕಷ್ಟವೆಂದು ಎರಡು ಸಂಜೆಗಳಿಗೆ ಹಂಚಿಕೊಂಡಿದ್ದೆವು. ಮೊದಲ ಸಂಜೆ ಮಕ್ಕಳಲ್ಲಿ ಇಬ್ಬರು ಎದ್ದುಹೋದರು. ಒಬ್ಬ ಉಳಿದ, ಟೊಮೆಟೊ ಅಜ್ಜನಿಗಾಗಿ. ಆ ಮನೆಯ ವ್ಹಡ್ಲಿಮಾಂಯ್‌ಗೆ ಎಂಬತ್ತು ದಾಟಿದೆ, ಇಟಲಿಯ ಮಾತು ಅವರಿಗೆ ತಿಳಿಯದು, ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳೂ ತಿಳಿಯವು. ನಾವು ಅರ್ಥ ಹೇಳಲು ಹೋದರೆ ‘ಸುಮ್ಮನಿರಿ ಮಕ್ಕಳೇ, ಕಾಣುತ್ತದೆ’ ಎಂದು ಬಾಯಿ ಮುಚ್ಚಿಸಿದರು. ದನಕ್ಕೆ ನೀರು ಕುಡಿಸುವಾಗ ಅವರ ಬೆರಳುಗಳು ಮತ್ತೆ ಜಪಸರದ ಮೇಲೆ ಓಡತೊಡಗಿದ್ದುವು.

ಎರಡನೆಯ ಸಂಜೆ, ಗಾಡಿಯ ದೀಪ ಕತ್ತಲಲ್ಲಿ ಕರಗಿ ತೆರೆ ಕಪ್ಪಾದ ಮೇಲೂ ಅವರು ಏಳಲಿಲ್ಲ. ಬಹಳ ಹಿಂದೆ, ಗೇಣಿಯ ಕಾಲದಲ್ಲಿ, ತಮ್ಮ ವಾಳೆಯಿಂದ ಒಕ್ಕಲೆಬ್ಬಿಸಿದ ಒಂದು ಸಂಸಾರದ ಕತೆ ತೆಗೆದರು. ಹೊರಟದ್ದು ರಾತ್ರಿಯಂತೆ, ತಲೆಯ ಮೇಲೆ ಪಾತ್ರೆಗಳ ಗಂಟು, ಹಿಂದೆ ಒಂದು ನಾಯಿ. ಆ ಮನೆಯ ಹುಡುಗಿಯೂ ಇವರೂ ಒಂದೇ ಕ್ಲಾಸಿನವರು. ‘ನಾನು ಬಾಗಿಲ ಸಂದಿಯಿಂದ ನೋಡಿದ್ದೆ’ ಎಂದರು. ಅವರು ಎಲ್ಲಿಗೆ ಹೋದರು ಮಾಂಯ್ ಎಂದು ಟೊಮೆಟೊ ಅಜ್ಜನ ಅಭಿಮಾನಿ ಕೇಳಿದ. ಘಟ್ಟದ ಮೇಲಕ್ಕಿರಬೇಕು, ಯಾರೂ ಕೇಳಲಿಲ್ಲ ಎಂದು ಹೇಳಿ ಅವರು ಆ ಹುಡುಗಿಯ ಹೆಸರನ್ನು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತ ಕುಳಿತರು. ನಾವು ಮನೆಗೆ ಹೊರಟು ಗೇಟು ದಾಟುವ ಹೊತ್ತಿಗೆ ಹುಡುಗ ಓಡಿಬಂದು, ಹೆಸರು ಸಿಕ್ಕಿತೆಂದು ಹೇಳಿಹೋದ.